ಮೂಗಿಲ್ಲದ ಕಾರು: ಫೋರ್ಡ್ ಟಾರಸ್ ಎದ್ದ ಕಥೆ, ಬಿದ್ದ ಕಥೆ

ಇವತ್ತಿನ ಎಪಿಸೋಡನ್ನ ಒಂದು ಫೋಟೋದಿಂದ ಶುರು ಮಾಡ್ತೀನಿ.

ನಮ್ಮ ಅಜ್ಜಿ ಮನೆಯ ಷೋಕೇಸಿನಲ್ಲಿ ಒಂದು ಕಲರ್ ಫೋಟೋ ಇತ್ತು. 1997ರದ್ದು. ನ್ಯೂಜೆರ್ಸಿಯ ಯಾವುದೋ ಅಪಾರ್ಟ್‌ಮೆಂಟಿನ ಮುಂದೆ, ಗುಡ್ಡೆ ಹಾಕಿದ ಹಿಮದ ಪಕ್ಕ, ನಮ್ಮ ಚಿಕ್ಕಪ್ಪ ದಪ್ಪ ಜಾಕೆಟ್ ಹಾಕ್ಕೊಂಡು ಒಂದು ಬೂದು ಬಣ್ಣದ ಕಾರಿಗೆ ಒರಗಿ ನಿಂತಿದ್ದಾರೆ. ಅಮೆರಿಕಕ್ಕೆ ಹೋಗಿ ಕೆಲವೇ ತಿಂಗಳಾಗಿತ್ತು. ಮನೆಗೆ ಬಂದವರಿಗೆಲ್ಲ ಅಜ್ಜಿ ಆ ಫೋಟೋ ತೋರಿಸೋರು, ತೋರಿಸಿದ ಮೇಲೆ ಒಂದು ಮಾತು ತಪ್ಪದೇ ಹೇಳೋರು: "ಎಲ್ಲಾ ಸರಿ, ಆದ್ರೆ ಈ ಕಾರಿಗೆ ಮೂಗೇ ಇಲ್ಲ ನೋಡಿ."

ನಿಜ, ಇರಲಿಲ್ಲ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ನೋಡಿ ಅಭ್ಯಾಸವಾಗಿದ್ದ ಅಜ್ಜಿಗೆ ಕಾರು ಅಂದ್ರೆ ಮುಂದುಗಡೆ ಹಲ್ಲು ಕಿರಿದ ಹಾಗೆ ಕ್ರೋಮ್ ಗ್ರಿಲ್ ಇರಬೇಕು. ಈ ಕಾರಿನಲ್ಲಿ ಎರಡು ಹೆಡ್‌ಲೈಟ್‌ಗಳ ನಡುವೆ ಬರೀ ನುಣುಪಾದ ಹಲಗೆ, ಅದರ ಮಧ್ಯೆ ಫೋರ್ಡ್ ಕಂಪನಿಯ ನೀಲಿ ಮೊಟ್ಟೆಯಾಕಾರದ ಲಾಂಛನ. ಅಷ್ಟೇ.

ಅದು ಫೋರ್ಡ್ ಟಾರಸ್. ಅಮೆರಿಕದಲ್ಲಿ ಒಂದು ಕಾಲಕ್ಕೆ ಬೀದಿಗೆ ನಾಲ್ಕು ಕಾಣ್ತಿದ್ದ ಮಾಮೂಲಿ ಫ್ಯಾಮಿಲಿ ಕಾರು. ಮಕ್ಕಳನ್ನ ಸ್ಕೂಲಿಗೆ ಬಿಡೋಕೆ, ಡಿಕ್ಕಿ ತುಂಬ ದಿನಸಿ ತರೋಕೆ. ಯಾರೂ ಗೋಡೆ ಮೇಲೆ ಪೋಸ್ಟರ್ ಅಂಟಿಸದ ಈ ಕಾರಿನ ಬಗ್ಗೆ ಎಪಿಸೋಡ್ ಯಾಕೆ ಅಂದ್ರೆ, ಮುಳುಗುತ್ತಿದ್ದ ಒಂದು ಕಂಪನಿಯನ್ನ ಇದು ಎತ್ತಿ ನಿಲ್ಲಿಸಿತು. ಹೇಗೆ ನಿಲ್ಲಿಸಿತು ಅನ್ನೋದನ್ನ ಆ ಕಂಪನಿಯೇ ಹತ್ತು ವರ್ಷದಲ್ಲಿ ಮರೆಯಿತು. ನನಗೆ ಆಸಕ್ತಿ ಇರೋದು ಆ ಮರೆವಿನಲ್ಲಿ.

ಮೊದಲು 1980ಕ್ಕೆ ಹೋಗೋಣ.

1973ರಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದಾಗ ಅಮೆರಿಕದ ಪೆಟ್ರೋಲ್ ಬಂಕ್‌ಗಳ ಮುಂದೆ ಉದ್ದುದ್ದ ಕ್ಯೂ. 1979ರಲ್ಲಿ ಇರಾನ್ ಕ್ರಾಂತಿಯಾದಾಗ ಮತ್ತೆ ಅದೇ ಕ್ಯೂ. ಆ ದೇಶದ ಕಾರುಗಳೋ, ಹಡಗಿನಷ್ಟು ಉದ್ದ, ಆನೆಯಷ್ಟು ಹೊಟ್ಟೆ. ಜಪಾನಿನ ಟೊಯೊಟಾ, ಹೋಂಡಾಗಳು ಚಿಕ್ಕದಾಗಿದ್ದವು, ಕಡಿಮೆ ಕುಡಿಯುತ್ತಿದ್ದವು, ಎಲ್ಲಕ್ಕಿಂತ ಮುಖ್ಯವಾಗಿ ಕೆಡುತ್ತಿರಲಿಲ್ಲ. ಜನ ಆ ಕಡೆ ತಿರುಗಿದರು. ಕ್ರೈಸ್ಲರ್ ಕಂಪನಿ ಸರ್ಕಾರದ ಸಾಲ ಖಾತರಿ ಪಡೆದು ಉಸಿರು ಹಿಡಿದುಕೊಂಡಿತು. ಫೋರ್ಡ್ 1980ರಿಂದ 1982ರವರೆಗೆ ಮೂರೇ ವರ್ಷದಲ್ಲಿ ಸುಮಾರು 330 ಕೋಟಿ ಡಾಲರ್ ಕಳೆದುಕೊಂಡಿತು. ಈ ನಂಬರ್ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1981ರಲ್ಲಿ ಅಮೆರಿಕದ ಒತ್ತಡಕ್ಕೆ ಜಪಾನ್ ತನ್ನ ಕಾರು ರಫ್ತಿಗೆ ವರ್ಷಕ್ಕೆ 16.8 ಲಕ್ಷದ ಮಿತಿ ಹಾಕಿಕೊಂಡಿತು. ಆದರೆ 1982ರಲ್ಲಿ ಹೋಂಡಾ ಓಹಾಯೋ ರಾಜ್ಯದಲ್ಲೇ ಫ್ಯಾಕ್ಟರಿ ತೆರೆದು ಅಕಾರ್ಡ್ ಕಾರು ಕಟ್ಟೋಕೆ ಶುರು ಮಾಡಿತು. ಬೇಲಿ ಹಾಕಿದರೆ ಒಳಗೇ ಬಂದು ಕೂತರು, ಅನ್ನೋ ಹಾಗಾಯ್ತು.

ಅಂಥ ಹೊತ್ತಲ್ಲಿ ಫೋರ್ಡ್‌ನ ಅಧ್ಯಕ್ಷ ಫಿಲಿಪ್ ಕಾಲ್ಡ್‌ವೆಲ್ ಒಂದು ಹೊಸ ಕಾರಿಗೆ ಒಪ್ಪಿಗೆ ಕೊಟ್ಟರು. ಖರ್ಚು ಸುಮಾರು 300 ಕೋಟಿ ಡಾಲರ್. ಅಂದ್ರೆ ಮೂರು ವರ್ಷದಲ್ಲಿ ಕಳೆದುಕೊಳ್ಳುತ್ತಿದ್ದಷ್ಟೇ ದುಡ್ಡನ್ನ ಒಂದೇ ಕುದುರೆಯ ಮೇಲೆ ಕಟ್ಟಿದ ಹಾಗೆ. ಕಾರಿನ ಜವಾಬ್ದಾರಿ ಲೂ ವೆರಾಲ್ಡಿ ಅನ್ನೋ ಎಂಜಿನಿಯರ್‌ಗೆ ಬಂತು. ಯುರೋಪಿನಲ್ಲಿ ಫೋರ್ಡ್ ಫಿಯೆಸ್ಟಾ ಮಾಡಿ ಗೆದ್ದಿದ್ದ ಮನುಷ್ಯ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗ್ತೀನಿ, ಯಾಕಂದ್ರೆ ಇಡೀ ಕಥೆಯ ಜೀವ ಇಲ್ಲೇ ಇರೋದು.

ಆಗ ಅಮೆರಿಕದಲ್ಲಿ ಕಾರು ಮಾಡೋ ಕ್ರಮ ಹೇಗಿತ್ತು? ಡಿಸೈನ್ ವಿಭಾಗದವರು ಚಿತ್ರ ಬರೆದು ಎಂಜಿನಿಯರ್‌ಗಳಿಗೆ ಕೊಡೋರು. ಎಂಜಿನಿಯರ್‌ಗಳು ಅದನ್ನ ತಮಗೆ ತೋಚಿದ ಹಾಗೆ ತಿದ್ದಿ ಫ್ಯಾಕ್ಟರಿಗೆ ಕಳಿಸೋರು. ಫ್ಯಾಕ್ಟರಿಯವರು "ಇದನ್ನ ಜೋಡಿಸೋಕೆ ಆಗಲ್ಲ ಸ್ವಾಮಿ" ಅಂದ್ರೆ ಮತ್ತೆ ಹಿಂದಕ್ಕೆ. ಕೊನೆಗೆ ಮಾರುವವರ ಕೈಗೆ. ಅಲ್ಲಿಂದ ಬರೋ ದೂರು ಕೇಳೋ ಹೊತ್ತಿಗೆ ಮೊದಲು ಚಿತ್ರ ಬರೆದವರು ಬೇರೆ ಕಾರಿನ ಕೆಲಸದಲ್ಲಿ ಮುಳುಗಿರೋರು. ತಪ್ಪು ಯಾರದ್ದು ಅಂದ್ರೆ ಯಾವಾಗಲೂ ಪಕ್ಕದ ವಿಭಾಗದ್ದು. (ನಿಮ್ಮ ಆಫೀಸು ನೆನಪಾಯ್ತಾ? ನನಗಂತೂ ಆಯ್ತು.)

ವೆರಾಲ್ಡಿ ಈ ಸಾಲನ್ನ ಮುರಿದರು. ಪ್ಲಾನಿಂಗ್, ಡಿಸೈನ್, ಎಂಜಿನಿಯರಿಂಗ್, ಉತ್ಪಾದನೆ, ಮಾರಾಟ, ಎಲ್ಲ ವಿಭಾಗದವರನ್ನೂ ಮೊದಲ ದಿನದಿಂದಲೇ ಒಂದೇ ತಂಡದಲ್ಲಿ ಕೂರಿಸಿದರು. ಅದಕ್ಕೆ 'ಟೀಮ್ ಟಾರಸ್' ಅಂತ ಹೆಸರಾಯಿತು.

ಆಮೇಲೆ ಅವರು ಮಾಡಿದ್ದು ಅದಕ್ಕಿಂತ ಸರಳವಾದ ಕೆಲಸ: ಕೇಳಿದ್ದು. ಈ ಕಾರು ತಯಾರಾಗಬೇಕಿದ್ದ ಅಟ್ಲಾಂಟಾ ಮತ್ತು ಶಿಕಾಗೋ ಫ್ಯಾಕ್ಟರಿಗಳ ಕಾರ್ಮಿಕರನ್ನ, ಡಿಸೈನ್ ಇನ್ನೂ ಕಾಗದದ ಮೇಲಿರುವಾಗಲೇ, "ನಿಮ್ಮ ಕೆಲಸ ಸುಲಭ ಆಗೋಕೆ ಏನು ಮಾಡಬೇಕು?" ಅಂತ ಕೇಳಿದರು. ಸಲಹೆಗಳು ನೂರಾರು ಬಂದವು. ಒಂದು ಹೇಳ್ತೀನಿ. ಅಸೆಂಬ್ಲಿ ಲೈನಿನಲ್ಲಿ ಕಾರು ನಿಲ್ಲೋದಿಲ್ಲ, ಸಾಗ್ತಾನೇ ಇರುತ್ತೆ. ಒಂದೊಂದು ಬೋಲ್ಟಿನ ತಲೆ ಒಂದೊಂದು ಸೈಜ್ ಇದ್ದರೆ ಪ್ರತಿ ಸಲ ಸ್ಪ್ಯಾನರ್ ಬದಲಾಯಿಸಬೇಕು. ಆ ಸೆಕೆಂಡುಗಳಲ್ಲಿ ಕಾರು ಮುಂದೆ ಹೋಗಿರುತ್ತೆ, ಬೋಲ್ಟ್ ಅರ್ಧಂಬರ್ಧ ಬಿಗಿಯಾಗಿರುತ್ತೆ. "ಎಲ್ಲ ಬೋಲ್ಟಿನ ತಲೆಯನ್ನೂ ಒಂದೇ ಸೈಜ್ ಮಾಡಿ" ಅನ್ನೋ ಬೇಡಿಕೆ ಬಂತು, ತಂಡ ಒಪ್ಪಿತು. ಇದಕ್ಕೆ ರಾಕೆಟ್ ವಿಜ್ಞಾನ ಬೇಕಿಲ್ಲ. ಆದರೆ ಲೈನಿನಲ್ಲಿ ನಿಂತು ಬೆವರು ಸುರಿಸುವವನಿಗೆ ಬಿಟ್ಟು ಬೇರೆ ಯಾರಿಗೂ ಅದು ಹೊಳೆಯೋದಿಲ್ಲ.

ಇನ್ಶೂರೆನ್ಸ್ ಕಂಪನಿಗಳನ್ನೂ ಕೇಳಿದರು: ಅಪಘಾತವಾದಾಗ ರಿಪೇರಿ ಖರ್ಚು ಎಲ್ಲಿ ಜಾಸ್ತಿ ಆಗುತ್ತೆ? ಆಮೇಲೆ ಜಗತ್ತಿನ ಒಳ್ಳೊಳ್ಳೆಯ ಕಾರುಗಳನ್ನ, ಸುಮಾರು 50, ತಂದು ಬಿಚ್ಚಿ ಹಾಕಿ 400ರಷ್ಟು ಅಂಶಗಳ ಪಟ್ಟಿ ಮಾಡಿದರು. ಸೀಟು ಯಾರದ್ದು ಚೆನ್ನಾಗಿದೆ, ಬಾಗಿಲು ಮುಚ್ಚಿದಾಗ ಯಾರದ್ದು ಒಳ್ಳೆ ಶಬ್ದ ಬರುತ್ತೆ, ಬಾನೆಟ್ ಎತ್ತೋಕೆ ಯಾರದ್ದು ಹಗುರ. ಪ್ರತಿಯೊಂದರಲ್ಲೂ ಅತ್ಯುತ್ತಮವಾದದ್ದನ್ನ ಸರಿಗಟ್ಟಬೇಕು ಅಥವಾ ಮೀರಿಸಬೇಕು ಅನ್ನೋದು ಗುರಿ. ಎಂಜಿನ್ ಆಯಿಲ್ ನೋಡೋ ಡಿಪ್‌ಸ್ಟಿಕ್‌ನ ಹಿಡಿಗೆ ಹಳದಿ ಬಣ್ಣ ಬಂತು, ಬಾನೆಟ್ ತೆಗೆದ ಕೂಡಲೇ ಕಣ್ಣಿಗೆ ಬೀಳಲಿ ಅಂತ.

ಇದೇ ಹೊತ್ತಿಗೆ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ ಅನ್ನೋ ವೃದ್ಧ ಸಂಖ್ಯಾಶಾಸ್ತ್ರಜ್ಞರನ್ನ ಫೋರ್ಡ್ ಸಲಹೆಗಾರರಾಗಿ ಕರೆಸಿಕೊಂಡಿತು. ತಮಾಷೆ ಏನಂದ್ರೆ ಈತ ಅಮೆರಿಕದವರು. ಜಪಾನಿನವರು 1950ರಿಂದಲೇ ಇವರ ಪಾಠ ಕೇಳಿ, ಇವರ ಹೆಸರಲ್ಲಿ ಪ್ರಶಸ್ತಿ ಇಟ್ಟಿದ್ದರು. ಸ್ವಂತ ಊರಲ್ಲಿ ಮಾತ್ರ ಕೇಳುವವರಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಗುಣಮಟ್ಟ ಕೆಟ್ಟರೆ ಅದು ಬಹುಪಾಲು ಕಾರ್ಮಿಕನ ತಪ್ಪಲ್ಲ, ಕೆಲಸದ ವ್ಯವಸ್ಥೆ ರೂಪಿಸಿದ ಮೇಲಿನವರ ತಪ್ಪು ಅನ್ನೋದು ಅವರ ವಾದ. ಮೇಲಿನವರಿಗೆ ಕಹಿಯಾದ ಮಾತು. ಆದರೆ 330 ಕೋಟಿ ಹೋದ ಮೇಲೆ ಕಹಿಯೂ ಇಳಿಯುತ್ತೆ.

ಒಳಾಂಗಣದ ಹೊಣೆ ಹೊತ್ತವರು ಮಿಮಿ ವಾಂಡರ್‌ಮೋಲೆನ್. ಫೋರ್ಡ್‌ನ ಡಿಸೈನ್ ವಿಭಾಗದಲ್ಲಿ ಮೇಲಧಿಕಾರಿ ಮಟ್ಟಕ್ಕೇರಿದ ಮೊದಲ ಮಹಿಳೆ. ಅದುವರೆಗೆ ಅಮೆರಿಕನ್ ಕಾರುಗಳ ಡ್ಯಾಶ್‌ಬೋರ್ಡ್ ಅಂದ್ರೆ ಈ ಬದಿಯಿಂದ ಆ ಬದಿಗೆ ಒಂದು ಚಪ್ಪಟೆ ಷೆಲ್ಫ್. ಇವರ ತಂಡ ಅದನ್ನ ಡ್ರೈವರ್ ಕಡೆಗೆ ಬಾಗಿಸಿತು. ರಸ್ತೆಯಿಂದ ಕಣ್ಣು ತೆಗೆಯದೆ, ಬರೀ ಬೆರಳಿನ ಸ್ಪರ್ಶದಿಂದ ಯಾವ ಬಟನ್ ಯಾವುದು ಅಂತ ಗೊತ್ತಾಗೋ ಹಾಗೆ ರೂಪಿಸಿತು. ಇವತ್ತು ಎಸಿ ಹಾಕೋಕೂ ಟಚ್‌ಸ್ಕ್ರೀನಿನಲ್ಲಿ ಮೂರು ಸಲ ಒತ್ತಬೇಕು. ಪ್ರಗತಿ ಅಂದ್ರೆ ಇದೇನಾ, ನೀವೇ ಹೇಳಿ.

ಇನ್ನು ಮೂಗಿನ ವಿಷಯ.

ಹೊರಗಿನ ಆಕಾರ ಜ್ಯಾಕ್ ಟೆಲ್ನ್ಯಾಕ್ ಅವರ ತಂಡದ್ದು. 1980ರಲ್ಲಿ ಫೋರ್ಡ್‌ನ ಪ್ರೆಸಿಡೆಂಟ್ ಆದ ಡಾನ್ ಪೀಟರ್ಸನ್, ಬೇರೊಂದು ಕಾರಿನ ಮಣ್ಣಿನ ಮಾಡೆಲ್ ತೋರಿಸಿ, ಇಂಥ ಕಾರನ್ನ ನಿಮ್ಮ ಮನೆ ಮುಂದೆ ನಿಲ್ಲಿಸಿಕೊಳ್ಳೋಕೆ ಇಷ್ಟಪಡ್ತೀರಾ ಅಂತ ಟೆಲ್ನ್ಯಾಕ್‌ರನ್ನ ಕೇಳಿದರಂತೆ. ಟೆಲ್ನ್ಯಾಕ್ ಪ್ರಾಮಾಣಿಕವಾಗಿ ಇಲ್ಲ ಅಂದರು. ಹಾಗಾದರೆ ನಿಮಗೆ ಇಷ್ಟವಾಗೋದನ್ನ ಮಾಡಿ ಅಂತ ಅಪ್ಪಣೆಯಾಯಿತು. ಅಮೆರಿಕದ ಕಾರುಗಳೆಲ್ಲ ಬೆಂಕಿಪೊಟ್ಟಣದ ಹಾಗೆ ಚೌಕ ಚೌಕವಾಗಿದ್ದ ಕಾಲ ಅದು. ಬಂದದ್ದು ಬಳಸಿ ಬಳಸಿ ಸವೆದ ಸೋಪಿನ ಥರದ, ಎಲ್ಲೂ ಮೂಲೆಯೇ ಇಲ್ಲದ ಕಾರು. ಗಾಳಿಯನ್ನ ಸೀಳಿಕೊಂಡು ಹೋದರೆ ಪೆಟ್ರೋಲ್ ಉಳಿಯುತ್ತೆ ಅನ್ನೋದು ಲೆಕ್ಕ. ಗಾಳಿ ಎಷ್ಟು ತಡೆಯುತ್ತೆ ಅಂತ ಅಳೆಯೋ ಸಂಖ್ಯೆ ಈ ಕಾರಿಗೆ 0.33 ಬಂತು, ಆ ಕಾಲದ ಫ್ಯಾಮಿಲಿ ಕಾರಿಗೆ ಬಹಳ ಒಳ್ಳೆಯ ಅಂಕ. ಜನ ಇದಕ್ಕೆ 'ಜೆಲ್ಲಿಬೀನ್' ಅಂತ ಅಡ್ಡಹೆಸರಿಟ್ಟರು.

ಟಾರಸ್ ಅನ್ನೋ ಹೆಸರಿನ ಹಿಂದೆ ಯಾವ ಮಾರ್ಕೆಟಿಂಗ್ ಏಜೆನ್ಸಿಯೂ ಇಲ್ಲ. ವೆರಾಲ್ಡಿ ಅವರ ಹೆಂಡತಿಯದ್ದೂ, ಯೋಜನೆಯ ಮುಖ್ಯಸ್ಥರಲ್ಲೊಬ್ಬರಾದ ಜಾನ್ ರಿಸ್ಕ್ ಅವರ ಹೆಂಡತಿಯದ್ದೂ ಒಂದೇ ರಾಶಿ. ಟಾರಸ್, ಅಂದ್ರೆ ವೃಷಭ. ಅದನ್ನ ಗುಟ್ಟಿನ ಹೆಸರಾಗಿ ಇಟ್ಟುಕೊಂಡಿದ್ದರು, ಅದೇ ಕೊನೆಗೆ ಉಳಿಯಿತು. 300 ಕೋಟಿ ಡಾಲರಿನ ಕಾರಿಗೆ ರಾಶಿ ನೋಡಿ ಹೆಸರಿಟ್ಟರು. ಇದು ಗೊತ್ತಾಗಿದ್ದರೆ ನಮ್ಮ ಅಜ್ಜಿ ಆ ಕಾರಿನ ಮೂಗನ್ನೂ ಕ್ಷಮಿಸ್ತಿದ್ದರೇನೋ.

ಹಾಲಿವುಡ್‌ನ ಎಂಜಿಎಂ ಸ್ಟುಡಿಯೋದಲ್ಲಿ ಸಿನಿಮಾ ಬಿಡುಗಡೆಯ ಥರ ಕಾರನ್ನ ತೋರಿಸಿದರು. 1985ರ ಡಿಸೆಂಬರ್ 26ರಂದು ಮಾರಾಟ ಶುರು. ಬೆಲೆ 10 ಸಾವಿರ ಡಾಲರ್ ಆಸುಪಾಸಿನಿಂದ. ಜನ ಮುಗಿಬಿದ್ದರು. 'ಮೋಟರ್ ಟ್ರೆಂಡ್' ಪತ್ರಿಕೆ 1986ರ ವರ್ಷದ ಕಾರು ಅಂತ ಆರಿಸಿತು. 1987ರ 'ರೋಬೋಕಾಪ್' ಸಿನಿಮಾದಲ್ಲಿ ಮುಂದೆಂದೋ ಬರಲಿರೋ ಡೆಟ್ರಾಯಿಟ್‌ನ ಪೊಲೀಸರು ಓಡಿಸೋದು ಇದನ್ನೇ. ಭವಿಷ್ಯದ ಕಾರು ಬೇಕು ಅಂದಾಗ ಸಿನಿಮಾದವರಿಗೆ ಷೋರೂಮಿನಲ್ಲಿ ಸಿಗೋ ಕಾರೇ ಸಾಕಾಯ್ತು ಅಂದ್ರೆ ಲೆಕ್ಕ ಹಾಕಿ.

1986ರಲ್ಲಿ ಫೋರ್ಡ್‌ನ ಲಾಭ ಎಷ್ಟು ಗೊತ್ತಾ? ಸುಮಾರು 330 ಕೋಟಿ ಡಾಲರ್. ಮೂರು ವರ್ಷದಲ್ಲಿ ಕಳೆದದ್ದು ಒಂದು ವರ್ಷದಲ್ಲಿ ವಾಪಸ್. 1924ರ ನಂತರ ಮೊದಲ ಬಾರಿಗೆ ಫೋರ್ಡ್‌ನ ಲಾಭ ಜನರಲ್ ಮೋಟರ್ಸ್‌ನ ಲಾಭವನ್ನ ದಾಟಿತು. ಇದರಲ್ಲಿ ಟಾರಸ್ ಒಂದೇ ಕಾರಣ ಅಂತ ಹೇಳಲ್ಲ, ಆ ಹೊತ್ತಿಗೆ ಪೆಟ್ರೋಲೂ ಅಗ್ಗವಾಗಿತ್ತು. ಆದರೆ ಮುಖ ಮಾತ್ರ ಟಾರಸ್‌ನದ್ದೇ.

ದೋಷಗಳಿರಲಿಲ್ಲ ಅಂತಲ್ಲ. ಮೊದಲ ವರ್ಷಗಳ ಆಟೊಮ್ಯಾಟಿಕ್ ಗಿಯರ್‌ಬಾಕ್ಸ್, ಮುಂದೆ ಬಂದ 3.8 ಲೀಟರ್ ವಿ6 ಎಂಜಿನ್ನಿನ ಹೆಡ್ ಗ್ಯಾಸ್ಕೆಟ್, ಇವೆರಡರ ಬಗ್ಗೆ ಬಹಳ ದೂರುಗಳಿದ್ದವು. ಜಪಾನಿನ ಕಾರುಗಳನ್ನ ಸರಿಗಟ್ಟೋಕೆ ಹೊರಟ ಕಾರಿಗೆ ಇದು ಸಣ್ಣ ಕಲೆಯಲ್ಲ.

1992ರಲ್ಲಿ ಟಾರಸ್ 4 ಲಕ್ಷಕ್ಕೂ ಹೆಚ್ಚು ಮಾರಾಟವಾಗಿ, ಹೋಂಡಾ ಅಕಾರ್ಡನ್ನ ಹಿಂದಿಕ್ಕಿ ಅಮೆರಿಕದ ನಂಬರ್ 1 ಕಾರಾಯಿತು. 1996ರವರೆಗೂ ಐದು ವರ್ಷ ಆ ಪಟ್ಟ ಬಿಡಲಿಲ್ಲ. ಆದರೆ ನನ್ನ ಪ್ರಕಾರ ಬೀಳೋದು ಶುರುವಾಗಿದ್ದು ಅಲ್ಲಿಂದಲೇ. ನಂಬರ್ 1 ಅಂತ ಬೋರ್ಡ್ ಹಾಕಿಕೊಳ್ಳೋದಕ್ಕೋಸ್ಕರ ಭಾರಿ ರಿಯಾಯಿತಿ ಕೊಟ್ಟರು, ಬಾಡಿಗೆ ಕಾರಿನ ಕಂಪನಿಗಳಿಗೆ ರಾಶಿ ರಾಶಿ ಮಾರಿದರು. ಬಾಡಿಗೆಯವರು ಒಂದೆರಡು ವರ್ಷ ಓಡಿಸಿ ಹರಾಜಿಗೆ ಹಾಕ್ತಾರೆ. ಸೆಕೆಂಡ್ ಹ್ಯಾಂಡ್ ಬೆಲೆ ಬೀಳುತ್ತೆ. ಹೊಸದು ಕೊಂಡವನಿಗೆ ಹೊಟ್ಟೆ ಉರಿಯುತ್ತೆ.

1996ರ ಹೊಸ ಟಾರಸ್‌ನ ಕಥೆಯಂತೂ ಒಂದು ಪುಸ್ತಕವೇ ಆಯಿತು. ಮೇರಿ ವಾಲ್ಟನ್ ಅನ್ನೋ ಪತ್ರಕರ್ತೆಯನ್ನ ಫೋರ್ಡ್ ತಂಡದೊಳಗೆ ಬಿಟ್ಟುಕೊಂಡಿತ್ತು, ಅವರು 1997ರಲ್ಲಿ 'ಕಾರ್' ಅನ್ನೋ ಪುಸ್ತಕ ಬರೆದರು. ಹೊಸ ತಂಡದ ಮುಖ್ಯಸ್ಥ ಡಿಕ್ ಲ್ಯಾಂಡ್‌ಗ್ರಾಫ್ ಕಣ್ಣಿಟ್ಟಿದ್ದು ಟೊಯೊಟಾ ಕ್ಯಾಮ್ರಿ ಮೇಲೆ. ದುಡ್ಡಿಗೆ ಕೊರತೆ ಇರಲಿಲ್ಲ, ಜಾಣರಿಗೂ ಕೊರತೆ ಇರಲಿಲ್ಲ. ಆದರೆ ಕಾರು ಬಂದಾಗ ಎಲ್ಲವೂ ಮೊಟ್ಟೆ. ಹೆಡ್‌ಲೈಟ್ ಮೊಟ್ಟೆ, ಹಿಂದಿನ ಗಾಜು ಮೊಟ್ಟೆ, ಒಳಗೆ ರೇಡಿಯೋ ಬಟನ್‌ಗಳ ಫಲಕವೂ ಮೊಟ್ಟೆ. ಬೆಲೆಯೂ ಏರಿತ್ತು. 1986ರಲ್ಲಿ ಹೊಸ ಆಕಾರಕ್ಕೆ ಒಂದು ಕಾರಣ ಇತ್ತು: ಗಾಳಿ, ಪೆಟ್ರೋಲ್. ಈ ಸಲ ಹತ್ತು ವರ್ಷದ ಹಿಂದೆ ಎಲ್ಲರನ್ನೂ ಬೆಚ್ಚಿಬೀಳಿಸಿದ್ದೆವು, ಮತ್ತೆ ಬೆಚ್ಚಿಬೀಳಿಸೋಣ ಅನ್ನೋ ಆಸೆ ಮಾತ್ರ ನನಗೆ ಕಾಣುತ್ತೆ. 1997ರಲ್ಲಿ ನಂಬರ್ 1 ಪಟ್ಟ ಕ್ಯಾಮ್ರಿಗೆ ಹೋಯಿತು.

ಈ ಎಪಿಸೋಡಿಗಾಗಿ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ. "ಚಿಕ್ಕಪ್ಪ, ಆ ಟಾರಸ್ ಏನಾಯ್ತು?" ಅಂದೆ.

"ನಿನ್ನ ಚಿಕ್ಕಮ್ಮ ಅದರಲ್ಲೇ ಡ್ರೈವಿಂಗ್ ಕಲಿತಿದ್ದು ಕಣೋ. ಆಮೇಲೆ ಊರಿಂದ ಹೊಸದಾಗಿ ಬಂದ ಹುಡುಗನೊಬ್ಬನಿಗೆ ಕೊಟ್ಟೆ. ನಾನೂ ಹಾಗೇ ಒಬ್ಬರ ಹತ್ರ ತಗೊಂಡಿದ್ದೆ."

"ನೀವು ಯಾವುದು ತಗೊಂಡ್ರಿ?"

"ಕ್ಯಾಮ್ರಿ." ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. "ಆಗ ನಮ್ಮವರೆಲ್ಲ ಅದನ್ನೇ ತಾನೇ ತಗೊಳ್ತಿದ್ದಿದ್ದು."

ಅಷ್ಟರಲ್ಲಿ ಫೋರ್ಡ್‌ನ ಮನಸ್ಸೂ ಬೇರೆ ಕಡೆ ಇತ್ತು. 1990ರಲ್ಲಿ ಬಂದ ಎಕ್ಸ್‌ಪ್ಲೋರರ್ ಎಸ್‌ಯುವಿ, ಜೊತೆಗೆ ಪಿಕಪ್ ಟ್ರಕ್‌ಗಳು, ಇವುಗಳಿಂದ ಒಂದೊಂದು ಗಾಡಿಗೆ ಬರುತ್ತಿದ್ದ ಲಾಭದ ಮುಂದೆ ಫ್ಯಾಮಿಲಿ ಸೆಡಾನ್ ಚಿಲ್ಲರೆಯಾಗಿ ಕಂಡಿತು. ಟಾರಸ್‌ಗೆ 2000ದಲ್ಲಿ ಒಂದು ಸಾಧಾರಣ ಮೇಕಪ್ ಆಯಿತು. ಆಮೇಲೆ ಹಾಗೇ ಬಿಟ್ಟರು. ವರ್ಷ ಕಳೆದಂತೆ ಅದು ಏರ್‌ಪೋರ್ಟ್‌ನಲ್ಲಿ ಬಾಡಿಗೆಗೆ ಸಿಗೋ ಕಾರು ಅಂತಲೇ ಹೆಸರಾಯಿತು.

2006ರ ಜನವರಿಯಲ್ಲಿ ಫೋರ್ಡ್ ಒಂದು ಯೋಜನೆ ಪ್ರಕಟಿಸಿತು. 2012ರೊಳಗೆ 14 ಫ್ಯಾಕ್ಟರಿ ಬಂದ್, 25ರಿಂದ 30 ಸಾವಿರ ಉದ್ಯೋಗ ಕಡಿತ. ಪಟ್ಟಿಯಲ್ಲಿ ಅಟ್ಲಾಂಟಾ ಫ್ಯಾಕ್ಟರಿಯೂ ಇತ್ತು. ಅಟ್ಲಾಂಟಾ ಪಕ್ಕದ ಹೇಪ್‌ವಿಲ್ ಅನ್ನೋ ಪುಟ್ಟ ಊರಲ್ಲಿ 1947ರಿಂದ ನಡೆಯುತ್ತಿದ್ದ ಫ್ಯಾಕ್ಟರಿ. ಕಾರ್ಮಿಕರು ಸುಮಾರು 2,000. ಕೆಟ್ಟದಾಗಿ ನಡೀತಿತ್ತು ಅಂತ ಮುಚ್ಚಿದ್ದಲ್ಲ. ಕಡಿಮೆ ಹೊತ್ತಿನಲ್ಲಿ ಒಂದು ಕಾರು ಕಟ್ಟಿ ಮುಗಿಸೋದರಲ್ಲಿ ಫೋರ್ಡ್‌ನ ಒಳ್ಳೆಯ ಫ್ಯಾಕ್ಟರಿಗಳ ಸಾಲಿನಲ್ಲೇ ಇದರ ಹೆಸರಿತ್ತು. ಬೋಲ್ಟಿನ ತಲೆ ಒಂದೇ ಸೈಜ್ ಇರಬೇಕು ಅನ್ನೋವರೆಗೆ 80ರ ದಶಕದಲ್ಲಿ ಇವರನ್ನ ಕೇಳಿದ್ದರು. ಅವರು ಕಟ್ಟುತ್ತಿದ್ದ ಕಾರು ಯಾಕೆ ಸೊರಗುತ್ತಿದೆ ಅನ್ನೋ ಪ್ರಶ್ನೆಗೆ ಮಾತ್ರ ಅವರ ಕೈಯಲ್ಲಿ ಸ್ಪ್ಯಾನರ್ ಇರಲಿಲ್ಲ. ಲೈನಿನಲ್ಲಿ ಎಷ್ಟೇ ಚೆನ್ನಾಗಿ ಬಿಗಿದರೂ, ಆರು ವರ್ಷ ಹಳೆಯ ಡಿಸೈನನ್ನ ಹೊಸದು ಮಾಡೋಕೆ ಆಗಲ್ಲ.

2006ರ ಅಕ್ಟೋಬರ್ 27. ಕೊನೆಯ ಟಾರಸ್ ಲೈನಿನಿಂದ ಇಳಿಯಿತು. ಅದನ್ನ ಪಡೆದವರು ಟ್ರೂಯೆಟ್ ಕ್ಯಾಥಿ, ಚಿಕ್-ಫಿಲ್-ಎ ಅನ್ನೋ ದೊಡ್ಡ ರೆಸ್ಟೊರೆಂಟ್ ಸರಣಿಯ ಸ್ಥಾಪಕ. ಅವರಿಗೇ ಯಾಕೆ ಅಂದ್ರೆ, ಅವರ ಮೊಟ್ಟಮೊದಲ ಪುಟ್ಟ ಹೋಟೆಲ್ ಇದ್ದದ್ದು ಈ ಫ್ಯಾಕ್ಟರಿ ಹತ್ತಿರವೇ, ಶಿಫ್ಟ್ ಮುಗಿಸಿ ಬರೋ ಕಾರ್ಮಿಕರೇ ಅವರ ಗಿರಾಕಿಗಳು. ಆ ಜಾಗದಲ್ಲಿ ಈಗ ಪೋರ್ಷೆ ಕಂಪನಿಯ ಉತ್ತರ ಅಮೆರಿಕದ ಮುಖ್ಯ ಕಚೇರಿ ಇದೆ. ದುಡ್ಡು ಕೊಟ್ಟರೆ ಅಲ್ಲಿನ ಟ್ರ್ಯಾಕಿನಲ್ಲಿ ಸ್ಪೋರ್ಟ್ಸ್ ಕಾರು ಓಡಿಸಬಹುದು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಅದಕ್ಕೆ ಒಂದೆರಡು ತಿಂಗಳ ಮುಂಚೆಯಷ್ಟೇ ಫೋರ್ಡ್‌ಗೆ ಹೊಸ ಸಿಇಒ ಬಂದಿದ್ದರು, ಬೋಯಿಂಗ್‌ನಿಂದ ಬಂದ ಅಲನ್ ಮುಲಾಲಿ. ಬೋಯಿಂಗ್‌ನಲ್ಲಿ ಅವರು 777 ವಿಮಾನದ ಯೋಜನೆ ನಡೆಸಿದವರು. ಆ ವಿಮಾನ ಮಾಡುವಾಗ ಎಲ್ಲ ವಿಭಾಗದವರನ್ನೂ ಒಟ್ಟಿಗೆ ಕೂರಿಸೋ ಕ್ರಮಕ್ಕೆ ಅವರು ಅಧ್ಯಯನ ಮಾಡಿದ ಮಾದರಿಗಳಲ್ಲಿ ಟೀಮ್ ಟಾರಸ್ ಕೂಡ ಒಂದು! 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂತಲ್ಲ, ಮಹಿಳಾ ಪೈಲಟ್‌ಗಳೇ ಹಾರಿಸಿಕೊಂಡು ಬಂದದ್ದು, ಅದು ಬೋಯಿಂಗ್ 777.

ಅಂಥ ಮನುಷ್ಯ ಫೋರ್ಡ್‌ಗೆ ಬಂದು ನೋಡಿದರೆ ಟಾರಸ್ಸೇ ಇಲ್ಲ. ಅದರ ಜಾಗದಲ್ಲಿ 'ಫೈವ್ ಹಂಡ್ರೆಡ್' ಅನ್ನೋ, ಯಾರ ನಾಲಿಗೆಯ ಮೇಲೂ ನಿಲ್ಲದ ಹೆಸರಿನ ಕಾರು. ಇಷ್ಟು ಹೆಸರು ಮಾಡಿದ್ದನ್ನ ಯಾಕೆ ಕೈಬಿಟ್ಟಿರಿ ಅಂತ ತಗಾದೆ ತೆಗೆದರು. 2007ರ ಫೆಬ್ರವರಿಯಲ್ಲಿ ಆ ಕಾರಿಗೇ ಟಾರಸ್ ಅಂತ ಮರುನಾಮಕರಣವಾಯಿತು. ಆದರೆ ಹೆಸರು ಮರಳಿ ತಂದಷ್ಟು ಸುಲಭವಾಗಿ ಗಿರಾಕಿಗಳು ಮರಳಲಿಲ್ಲ. ಹೊಸ ಟಾರಸ್ ದೊಡ್ಡದಾಗಿತ್ತು, ದುಬಾರಿಯಾಗಿತ್ತು. ಪೊಲೀಸ್ ಇಲಾಖೆಗಳು ಕೊಂಡವು. ಮಧ್ಯಮವರ್ಗದ ಮನೆಗಳು ಅಷ್ಟಾಗಿ ಕೊಳ್ಳಲಿಲ್ಲ. 2018ರಲ್ಲಿ ಫೋರ್ಡ್ ಅಮೆರಿಕದಲ್ಲಿ ಸೆಡಾನ್‌ಗಳನ್ನೇ ನಿಲ್ಲಿಸುತ್ತೇವೆ ಅಂತ ಘೋಷಿಸಿತು, 2019ರ ಮಾರ್ಚ್ 1ರಂದು ಶಿಕಾಗೋದಲ್ಲಿ ಕೊನೆಯ ಟಾರಸ್ ತಯಾರಾಯಿತು. ಎರಡನೇ ಸಲದ ಕೊನೆಯದು.

ನೀವು ದುಬೈನಲ್ಲೋ ರಿಯಾದ್‌ನಲ್ಲೋ ಕೂತು ಇದನ್ನ ಕೇಳ್ತಿದ್ದರೆ, ನಮ್ಮ ಕರಾವಳಿಯ ಕೇಳುಗರು ಬಹಳ ಜನ ಇದ್ದೀರಿ, "ಅಲ್ಲ ಮಾರಾಯ, ನಾನು ಇಲ್ಲಿ ಹೊಸ ಟಾರಸ್ ನೋಡಿದ್ದೇನಲ್ಲ" ಅನ್ನಬಹುದು. ಸರಿ. ಅಮೆರಿಕದಲ್ಲಿ ನಿಂತ ಮೇಲೆ ಕೊಲ್ಲಿ ದೇಶಗಳಿಗೆ ಅದೇ ಹೆಸರಿನ ಬೇರೊಂದು ಕಾರು ಬಂತು. ತಯಾರಾಗೋದು ಚೀನಾದಲ್ಲಿ. ಅದಕ್ಕೆ ದೊಡ್ಡ ಮೂಗಿದೆ.

ಅಜ್ಜಿ ಈಗಿಲ್ಲ. ಷೋಕೇಸಿನ ಆ ಫೋಟೋ ನನ್ನ ಹತ್ತಿರ ಇದೆ. ಇದನ್ನ ರೆಕಾರ್ಡ್ ಮಾಡೋಕೆ ಕೂರೋ ಮುಂಚೆ ಫ್ರೇಮಿನಿಂದ ತೆಗೆದು ನೋಡಿದೆ. ಹಿಂಭಾಗದಲ್ಲಿ ನೀಲಿ ಬಾಲ್ ಪೆನ್ನಿನಲ್ಲಿ ಚಿಕ್ಕಪ್ಪನ ಅಕ್ಷರ: "ಅಮ್ಮ, ಇದು ನನ್ನ ಕಾರು. ಸೆಕೆಂಡ್ ಹ್ಯಾಂಡ್. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬಹುದು. ನೀವು ಬಂದಾಗ ನೋಡುವಿರಂತೆ."